ಅಡ್ಡಿ ಇರುವುದು ಕಾಲಿನಲ್ಲಿಯೋ, ಮೆಟ್ಟಿಲಿನಲ್ಲಿಯೋ?

ಒಂದು ಕಲ್ಯಾಣಮಂಟಪದ ಮೊದಲನೆಯ ಅಂತಸ್ತಿನಲ್ಲಿ ಮದುವೆ ನಡೆಯುತ್ತಿದೆಯೆಂದು ಭಾವಿಸೋಣ. ಬಂಧುಬಳಗವೆಲ್ಲ ನೆರೆದಿದೆ. ಗಾಲಿಕುರ್ಚಿಯನ್ನು ಅವಲಂಬಿಸಿದ ಸೋದರಮಾವನೊಬ್ಬ ಮಾತ್ರ ಬಂದಿಲ್ಲ. ಏಕೆ ಬರಲಿಲ್ಲವೆಂದು ವಿಚಾರಿಸಿದರೆ ನಾಲ್ಕು ಬಗೆಯ ಉತ್ತರಗಳು ದೊರೆಯುತ್ತವೆ. 'ಏನು ಮಾಡುವುದು, ಅದು ಅವನ ಹಣೆಬರಹ' ಎಂದು ಒಬ್ಬರು ನಿಟ್ಟುಸಿರು ಬಿಡುತ್ತಾರೆ. 'ಅವನ ಕಾಲಿನಲ್ಲಿ ಶಕ್ತಿಯಿಲ್ಲ, ಎಷ್ಟು ಔಷಧ ಮಾಡಿದರೂ ಗುಣವಾಗಲಿಲ್ಲ' ಎನ್ನುತ್ತಾರೆ ಮತ್ತೊಬ್ಬರು. 'ಮಂಟಪಕ್ಕೆ ಮೆಟ್ಟಿಲುಗಳಲ್ಲದೆ ಬೇರೆ ದಾರಿಯೇ ಇಲ್ಲವಲ್ಲ' ಎಂಬುದು ಮೂರನೆಯವರ ಮಾತು. 'ಎಲ್ಲರಂತೆ ಬರುವ ಹಕ್ಕು ಅವನಿಗೂ ಇತ್ತು, ಅದನ್ನು ಕಾಯಬೇಕಾದವರು ಕಾಯಲಿಲ್ಲ' ಎಂಬುದು ನಾಲ್ಕನೆಯವರ ಮಾತು.

ನಾಲ್ಕೂ ಉತ್ತರಗಳು ಒಂದೇ ಸಂಗತಿಯನ್ನು ಕುರಿತವು. ಆದರೆ ಮೊದಲನೆಯ ಉತ್ತರವನ್ನು ಒಪ್ಪಿದವನು ಮರುಗಿ ಸುಮ್ಮನಾಗುತ್ತಾನೆ; ಎರಡನೆಯದನ್ನು ಒಪ್ಪಿದವನು ವೈದ್ಯರನ್ನು ಹುಡುಕುತ್ತಾನೆ; ಮೂರನೆಯದನ್ನು ಒಪ್ಪಿದವನು ಗಾರೆಯವನನ್ನು ಕರೆಸುತ್ತಾನೆ; ನಾಲ್ಕನೆಯದನ್ನು ಒಪ್ಪಿದವನು ಕಾನೂನಿನ ಪುಸ್ತಕವನ್ನು ತೆರೆಯುತ್ತಾನೆ. ನಾವು ಒಂದು ಕೊರತೆಯನ್ನು ಹೇಗೆ ಅರಿಯುತ್ತೇವೆಯೋ ನಮ್ಮ ಕರ್ತವ್ಯವೂ ಅದರಂತೆಯೇ ರೂಪುಗೊಳ್ಳುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಆದುದರಿಂದ ಅಂಗವೈಕಲ್ಯವನ್ನು ಕಾಣುವ ಈ ನಾಲ್ಕು ದೃಷ್ಟಿಗಳನ್ನು ಪ್ರಸ್ತುತ ಲೇಖನದಲ್ಲಿ ಒಂದೊಂದಾಗಿ ಪರಿಶೀಲಿಸಿ, ನಮ್ಮ ಮನೆಗಳೂ ನಮ್ಮ ಸಂಸ್ಥೆಗಳೂ ಯಾವುದನ್ನು ಕೈಗೊಂಡರೆ ಒಳಿತೆಂಬುದನ್ನು ವಿಚಾರಿಸೋಣ.

ಇದು ಕೆಲವೇ ಮನೆಗಳಿಗೆ ಸೇರಿದ ವಿಷಯವೆಂದು ಯಾರೂ ತಿಳಿಯಬಾರದು. ೨೦೧೧ರ ಜನಗಣತಿಯ ಪ್ರಕಾರ ಭಾರತದಲ್ಲಿ ೨.೬೮ ಕೋಟಿ ಅಂಗವಿಕಲರಿದ್ದರು. ಕರ್ನಾಟಕವೊಂದರಲ್ಲಿಯೇ ಅವರ ಸಂಖ್ಯೆ ೧೩ ಲಕ್ಷಕ್ಕೂ ಮಿಗಿಲಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ರಲ್ಲಿ ಪ್ರಕಟಿಸಿದ ವರದಿಯಂತೆ ಪ್ರಪಂಚದಲ್ಲಿ ಸುಮಾರು ೧೩೦ ಕೋಟಿ ಜನ, ಅಂದರೆ ಆರು ಜನರಲ್ಲಿ ಒಬ್ಬರು, ಗಣನೀಯವಾದ ಒಂದಲ್ಲ ಒಂದು ವೈಕಲ್ಯದೊಡನೆ ಬಾಳುತ್ತಿದ್ದಾರೆ. ಇದರ ಮೇಲೆ ವೃದ್ಧಾಪ್ಯವೊಂದಿದೆ. ಮೊಣಕಾಲು ನೋವಿನಿಂದ ಜಾತ್ರೆಯನ್ನು ಬಿಟ್ಟ ತಾಯಿ, ಕಿವಿ ಮಂದವಾದುದರಿಂದ ಪ್ರವಚನಕ್ಕೆ ಹೋಗುವುದನ್ನು ನಿಲ್ಲಿಸಿದ ತಂದೆ ಯಾರ ಮನೆಯಲ್ಲಿಲ್ಲ? ದೀರ್ಘಾಯುಷ್ಯವನ್ನು ಬಯಸುವ ಪ್ರತಿಯೊಬ್ಬರೂ ಈ ದಾರಿಯಲ್ಲಿ ಒಂದಿಷ್ಟು ದೂರ ನಡೆಯಲೇಬೇಕಾಗುವುದು.

ವಿಧಿಯೆಂಬ ದೃಷ್ಟಿ

ಅಂಗವೈಕಲ್ಯವು ಪೂರ್ವಜನ್ಮದ ಕರ್ಮಫಲವೆಂಬ ಭಾವನೆ ನಮ್ಮ ನಾಡಿನಲ್ಲಿ ಬಹುಕಾಲದಿಂದ ಬೇರೂರಿದೆ. ಈ ಭಾವನೆಯ ಜೊತೆಗೇ ಕರುಣೆಯೂ ಬೆಳೆದು ಬಂದಿತೆಂಬುದನ್ನು ನಾವು ಮರೆಯಲಾಗದು. ಅನಾಥರಿಗೂ ಅಂಧರಿಗೂ ಅನ್ನ, ಆಶ್ರಯಗಳನ್ನು ಕೊಟ್ಟ ಮಠಮಾನ್ಯಗಳೂ ಛತ್ರಗಳೂ ಇಲ್ಲದಿದ್ದರೆ ಎಷ್ಟೋ ಜೀವಗಳು ಬೀದಿಯಲ್ಲಿ ಕಮರಿಹೋಗುತ್ತಿದ್ದವು.

ಆದರೆ ಈ ದೃಷ್ಟಿಯ ಮತ್ತೊಂದು ಮುಖವು ಕ್ರೂರವಾದುದು. ಫಲವು ಕರ್ಮದ್ದೆಂದ ಮೇಲೆ ತಪ್ಪು ಅನುಭವಿಸುವವನದೇ ಆಗುತ್ತದೆ. ಮಗು ಕಿವುಡಾಗಿ ಹುಟ್ಟಿದರೆ ಹೆತ್ತ ತಾಯಿಯನ್ನು ದೂಷಿಸುವುದು, ಬುದ್ಧಿಮಾಂದ್ಯವುಳ್ಳ ಮಗನನ್ನು ಅತಿಥಿಗಳು ಬಂದಾಗ ಒಳಕೋಣೆಯಲ್ಲಿರಿಸುವುದು, ತಂಗಿಯ ಸಂಬಂಧ ಕೂಡಿಬರುವವರೆಗೆ ಅಕ್ಕನ ಕುಂಟುಗಾಲನ್ನು ಮರೆಮಾಚುವುದು — ಇವೆಲ್ಲ ನಮ್ಮ ಕುಟುಂಬಗಳಲ್ಲಿ ನಡೆಯುತ್ತಲೇ ಇವೆ. ಮುಚ್ಚಿಟ್ಟ ಮಗುವಿಗೆ ಶಾಲೆಯಿಲ್ಲ, ಗೆಳೆಯರಿಲ್ಲ, ಕೆಲಸವಿಲ್ಲ. ತಂದೆತಾಯಿಗಳ ಕಾಲಾನಂತರ ಅದರ ಗತಿಯೇನೆಂಬ ಚಿಂತೆ ಆ ದಂಪತಿಗಳನ್ನು ರಾತ್ರಿಯಿಡೀ ಎಚ್ಚರವಿರಿಸುತ್ತದೆ. ಕರುಣೆಯಿಂದ ಒಂದು ಹೊತ್ತಿನ ಊಟ ದೊರೆಯಬಹುದು. ಆದರೆ ಅದನ್ನು ಕೊಡುವವನ ಕೈ ಸದಾ ಮೇಲೆ, ಪಡೆಯುವವನ ಕೈ ಸದಾ ಕೆಳಗೆ. ಕಾಯಕದಿಂದಲೇ ಮನುಷ್ಯನಿಗೆ ಘನತೆಯೆಂದು ನಂಬಿದ ಸಮಾಜದಲ್ಲಿ ಒಬ್ಬನಿಂದ ಕಾಯಕದ ಅವಕಾಶವನ್ನೇ ಕಸಿದುಕೊಂಡು ಅನ್ನವನ್ನು ಮಾತ್ರ ನೀಡುವುದು ಹೇಗೆ ಸಮಂಜಸವಾದೀತು?

ವೈದ್ಯನ ದೃಷ್ಟಿ

ವಿಜ್ಞಾನವು ಬೆಳೆದಂತೆ ಎರಡನೆಯ ದೃಷ್ಟಿಯು ಪ್ರಬಲವಾಯಿತು. ಇದರ ಪ್ರಕಾರ ವೈಕಲ್ಯವೆಂಬುದು ದೇಹದಲ್ಲಿನ ದೋಷ. ಅದನ್ನು ತಡೆಯಬೇಕು, ಗುಣಪಡಿಸಬೇಕು, ಇಲ್ಲವೇ ಸಾಧನಗಳಿಂದ ಸರಿದೂಗಿಸಬೇಕು. ಈ ದೃಷ್ಟಿಯಿಂದ ಜಗತ್ತಿಗಾದ ಉಪಕಾರ ಸಾಮಾನ್ಯವಲ್ಲ. ಪ್ರತಿವರ್ಷ ಸಾವಿರಾರು ಮಕ್ಕಳ ಕಾಲುಗಳನ್ನು ಕಸಿದುಕೊಳ್ಳುತ್ತಿದ್ದ ಪೋಲಿಯೋ ರೋಗದ ಕೊನೆಯ ಪ್ರಕರಣ ಭಾರತದಲ್ಲಿ ವರದಿಯಾದುದು ೨೦೧೧ರ ಜನವರಿಯಲ್ಲಿ. ೨೦೧೪ರ ಮಾರ್ಚ್ ತಿಂಗಳಿನಲ್ಲಿ ನಮ್ಮ ದೇಶವು ಪೋಲಿಯೋಮುಕ್ತವೆಂದು ಪ್ರಮಾಣಿತವಾಯಿತು. ೧೯೬೫ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಅಸಂಖ್ಯ ಮಕ್ಕಳಿಗೆ ಮಾತನ್ನು ಕಲಿಸಿದೆ. ೧೯೬೮ರಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ. ಕೆ. ಸೇಠಿಯವರು ರೂಪಿಸಿದ 'ಜೈಪುರ ಕಾಲು' ವಿಶೇಷವಾಗಿ ಉಲ್ಲೇಖಾರ್ಹವಾದುದು. ವಿದೇಶದ ಕೃತಕ ಕಾಲುಗಳು ಬೂಟು ತೊಟ್ಟು ಕುರ್ಚಿಯ ಮೇಲೆ ಕೂರುವವರಿಗಾಗಿ ಸಿದ್ಧವಾದವು. ಜೈಪುರ ಕಾಲನ್ನು ಧರಿಸಿದ ರೈತನು ಬರಿಗಾಲಿನಲ್ಲಿ ಹೊಲದ ಕೆಸರಿನಲ್ಲಿ ನಡೆಯಬಲ್ಲನು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಉಣ್ಣಬಲ್ಲನು.

ಹೀಗಿದ್ದರೂ ಈ ದೃಷ್ಟಿಗೊಂದು ಮಿತಿಯಿದೆ. ಗುಣವಾಗದ ನ್ಯೂನತೆಗಳು ಅನೇಕವಿವೆ. ವೈದ್ಯನು ತನ್ನ ಕೆಲಸ ಮುಗಿಯಿತೆಂದು ಕೈತೊಳೆದುಕೊಂಡ ಮೇಲೂ ರೋಗಿಯು ಇನ್ನೂ ನಲವತ್ತು, ಐವತ್ತು ವರ್ಷ ಬಾಳಬೇಕಾಗಿರುತ್ತದೆ. ಆ ಬಾಳಿನ ವಿಷಯದಲ್ಲಿ ವೈದ್ಯಶಾಸ್ತ್ರವು ಹೆಚ್ಚೇನನ್ನೂ ಹೇಳದು. ಎಷ್ಟೋ ತಂದೆತಾಯಿಗಳು ಮಗುವಿನ ಕಣ್ಣು ಬರುವುದೆಂಬ ಆಸೆಯಿಂದ ಆಸ್ಪತ್ರೆಯಿಂದ ಆಸ್ಪತ್ರೆಗೆ, ಹರಕೆಯಿಂದ ಹರಕೆಗೆ ಅಲೆದು, ಬ್ರೈಲ್ ಲಿಪಿಯನ್ನು ಕಲಿಯಬೇಕಾದ ಅಮೂಲ್ಯ ವರ್ಷಗಳನ್ನು ಕಳೆದುಬಿಡುತ್ತಾರೆ. 'ಮೊದಲು ಗುಣವಾಗಲಿ, ಆಮೇಲೆ ಶಾಲೆ' ಎಂಬ ಮಾತಿನಲ್ಲಿ ಪ್ರೀತಿಯಿದ್ದರೂ ಅದು ಮಗುವಿನ ಪಾಲಿಗೆ ದೊಡ್ಡ ನಷ್ಟವಾಗಿ ಪರಿಣಮಿಸುತ್ತದೆ.

ಸಮಾಜದ ಕಡೆಗೆ ತಿರುಗಿದ ದೃಷ್ಟಿ

ಮೂರನೆಯ ದೃಷ್ಟಿಯನ್ನು ಜಗತ್ತಿಗೆ ಸ್ಪಷ್ಟವಾಗಿ ತೋರಿಸಿಕೊಟ್ಟವರು ಸ್ವತಃ ಅಂಗವಿಕಲರೇ. ಇಂಗ್ಲೆಂಡಿನ ವಸತಿಗೃಹವೊಂದರಲ್ಲಿ ವರ್ಷಗಟ್ಟಲೆ ವಾಸಿಸಿದ್ದ ಪಾಲ್ ಹಂಟ್ ಎಂಬುವರು ೧೯೭೨ರಲ್ಲಿ ಪತ್ರಿಕೆಯೊಂದಕ್ಕೆ ಪತ್ರ ಬರೆದು, ಇಂಥ ಗೃಹಗಳಲ್ಲಿ ಪ್ರತ್ಯೇಕಿಸಲ್ಪಟ್ಟವರೆಲ್ಲ ಒಂದಾಗಬೇಕೆಂದು ಕರೆಕೊಟ್ಟರು. ಅದರಿಂದ ಹುಟ್ಟಿದ ಸಂಘವು ೧೯೭೬ರಲ್ಲಿ ಪ್ರಕಟಿಸಿದ ತತ್ತ್ವಗಳಲ್ಲಿ ಒಂದು ಸೂಕ್ಷ್ಮವಾದ ಭೇದವನ್ನು ಮಾಡಿತು. ಕಾಲಿಗೆ ಶಕ್ತಿಯಿಲ್ಲದಿರುವುದು, ಕಣ್ಣು ಕಾಣದಿರುವುದು ನ್ಯೂನತೆ. ಆ ನ್ಯೂನತೆಯುಳ್ಳವರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಸಮಾಜವು ತನ್ನ ರಸ್ತೆ, ಶಾಲೆ, ಕಾರ್ಖಾನೆಗಳನ್ನು ಕಟ್ಟಿಕೊಂಡುದರಿಂದ ಅವರ ಮೇಲೆ ಬಂದು ಬೀಳುವುದು ವೈಕಲ್ಯ. ಮೊದಲನೆಯದು ದೇಹಕ್ಕೆ ಸೇರಿದ್ದು, ಎರಡನೆಯದು ಸಮಾಜಕ್ಕೆ ಸೇರಿದ್ದು. ಗಾಲಿಕುರ್ಚಿಯಲ್ಲಿಯೇ ಕುಳಿತು ಪಾಠ ಹೇಳಿದ ವಿದ್ವಾಂಸ ಮೈಕ್ ಆಲಿವರ್ ಈ ವಿಚಾರಕ್ಕೆ ೧೯೮೩ರಲ್ಲಿ 'ಸಾಮಾಜಿಕ ಮಾದರಿ' ಎಂಬ ಹೆಸರನ್ನಿತ್ತರು.

ಇದೇ ಸುಮಾರಿಗೆ ಅಮೆರಿಕದಲ್ಲಿಯೂ ಇಂಥದೇ ಜಾಗೃತಿ ಮೂಡಿತ್ತು. ಎಡ್ ರಾಬರ್ಟ್ಸ್ ಎಂಬುವರು ತಮ್ಮ ಹದಿನಾಲ್ಕನೆಯ ವಯಸ್ಸಿನಲ್ಲಿ ಪೋಲಿಯೋ ಪೀಡಿತರಾಗಿ, ಉಸಿರಾಟಕ್ಕೂ ಯಂತ್ರವನ್ನು ಅವಲಂಬಿಸಬೇಕಾಯಿತು. ಅವರು ೧೯೬೨ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾನಿಲಯವನ್ನು ಸೇರಿದಾಗ ಆ ಭಾರವಾದ ಯಂತ್ರವನ್ನಿರಿಸಲು ಯಾವ ವಿದ್ಯಾರ್ಥಿನಿಲಯದಲ್ಲಿಯೂ ಸ್ಥಳವಿರಲಿಲ್ಲ; ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ ಅವರಿಗೆ ಕೋಣೆ ದೊರೆಯಿತು. ದುಡಿಯಲು ಅಸಮರ್ಥರೆಂದು ಕ್ಯಾಲಿಫೋರ್ನಿಯಾದ ಪುನರ್ವಸತಿ ಇಲಾಖೆಯಿಂದಲೇ ಎಣಿಸಲ್ಪಟ್ಟಿದ್ದ ಆ ವ್ಯಕ್ತಿ ೧೯೭೫ರಲ್ಲಿ ಅದೇ ಇಲಾಖೆಯ ನಿರ್ದೇಶಕರಾದುದು ಇತಿಹಾಸದ ಒಂದು ಮಾರ್ಮಿಕ ಪ್ರಸಂಗ. ಅವರ ಹಾಗೂ ಸಂಗಡಿಗರ ಒತ್ತಾಯದಿಂದ ಬರ್ಕ್ಲಿಯ ಬೀದಿಗಳಲ್ಲಿ ಕಾಲುದಾರಿಯ ಅಂಚುಗಳನ್ನು ಇಳಿಜಾರಾಗಿ ತಗ್ಗಿಸಲಾಯಿತು. ಗಾಲಿಕುರ್ಚಿಗಾಗಿ ತಗ್ಗಿಸಿದ ಆ ಅಂಚುಗಳಿಂದ ಕೂಸಿನ ಗಾಡಿ ತಳ್ಳುವ ತಾಯಂದಿರು, ಸಾಮಾನು ಸಾಗಿಸುವ ಕೂಲಿಗಳು, ಊರುಗೋಲಿನ ವೃದ್ಧರು ಎಲ್ಲರೂ ಪ್ರಯೋಜನ ಪಡೆದರು. ಒಬ್ಬನಿಗಾಗಿ ತೆರೆದ ದಾರಿ ಎಲ್ಲರ ದಾರಿಯಾಯಿತು.

ಇದಕ್ಕಿಂತಲೂ ಸೋಜಿಗದ ಉದಾಹರಣೆಯೊಂದು ಅಮೆರಿಕದ ಪೂರ್ವ ಕರಾವಳಿಯ ಮಾರ್ಥಾಸ್ ವಿನ್‌ಯಾರ್ಡ್ ಎಂಬ ದ್ವೀಪದ್ದು. ಅನುವಂಶೀಯ ಕಾರಣದಿಂದ ಅಲ್ಲಿ ಕೇಳುವ ಶಕ್ತಿಯಿಲ್ಲದ ಮಕ್ಕಳು ಹೆಚ್ಚಾಗಿ ಹುಟ್ಟುತ್ತಿದ್ದರು. ಹದಿನೇಳನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯ ಶತಮಾನದ ಮಧ್ಯದವರೆಗೆ ಸುಮಾರು ಇನ್ನೂರೈವತ್ತು ವರ್ಷ ಈ ಸ್ಥಿತಿ ಮುಂದುವರಿಯಿತು. ಆ ದ್ವೀಪದ ಜನ ಏನು ಮಾಡಿದರು? ಕಿವಿ ಕೇಳುವವರೂ ಸಂಜ್ಞಾಭಾಷೆಯನ್ನು ಬಾಲ್ಯದಿಂದಲೇ ಕಲಿತರು. ಅಂಗಡಿಯಲ್ಲಿ, ಸಭೆಯಲ್ಲಿ, ದೋಣಿಯಿಂದ ದೋಣಿಗೆ ಎಲ್ಲೆಲ್ಲಿಯೂ ಆ ಭಾಷೆ ಬಳಕೆಯಲ್ಲಿತ್ತು. ಕಿವುಡರು ಎಲ್ಲರಂತೆ ಮೀನು ಹಿಡಿದರು, ಬೇಸಾಯ ಮಾಡಿದರು, ಮದುವೆಯಾದರು, ಊರಿನ ಅಧಿಕಾರಸ್ಥಾನಗಳನ್ನೂ ನಿರ್ವಹಿಸಿದರು. ನೋರಾ ಗ್ರೋಸ್ ಎಂಬ ಸಂಶೋಧಕಿಯು ದ್ವೀಪದ ವೃದ್ಧರನ್ನು ಮಾತನಾಡಿಸಿ ೧೯೮೫ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಸಂಗತಿಗಳು ಲೋಕಕ್ಕೆ ತಿಳಿದುಬಂದವು. ಆ ದ್ವೀಪದಲ್ಲಿ ಕಿವುಡುತನವಿತ್ತು. ಅದರಿಂದ ಯಾರೂ ಮೂಲೆಗುಂಪಾಗಲಿಲ್ಲ. ಕೇಳದ ಕಿವಿಯನ್ನು ಯಾರೂ ಗುಣಪಡಿಸಲಿಲ್ಲ. ಕೇಳುವವರು ತಮ್ಮ ಕೈಗಳಿಗೆ ಮಾತು ಕಲಿಸಿಕೊಂಡರು.

ಈ ದೃಷ್ಟಿಯೂ ಪರಿಪೂರ್ಣವೆಂದು ನಾವು ಹೇಳುವುದಿಲ್ಲ. ಎಲ್ಲ ಮೆಟ್ಟಿಲುಗಳನ್ನು ತೆಗೆದುಹಾಕಿದರೂ ಸಂಧಿವಾತದ ನೋವು ಉಳಿಯುತ್ತದೆ. ತೀವ್ರ ಬುದ್ಧಿಮಾಂದ್ಯವುಳ್ಳ ಮಗುವಿಗೆ ಕೇವಲ ಇಳಿಜಾರು ದಾರಿ ಸಾಲದು. ಜೀವನಪರ್ಯಂತ ಮತ್ತೊಬ್ಬರ ಆಸರೆ ಬೇಕಾಗುವುದು. ಸಮಾಜವನ್ನು ದೂರುವ ಭರದಲ್ಲಿ ದೇಹದ ಯಾತನೆಯನ್ನು ಮರೆಯಬಾರದೆಂದು ಜೆನ್ನಿ ಮಾರಿಸ್ ಮೊದಲಾದ ಅಂಗವಿಕಲ ಲೇಖಕಿಯರೇ ೧೯೯೦ರ ದಶಕದಲ್ಲಿ ಎಚ್ಚರಿಸಿದರು. ದೇಹದ ಸ್ಥಿತಿ ಮತ್ತು ಸುತ್ತಲಿನ ಪರಿಸರ ಇವೆರಡೂ ಕೂಡಿದಾಗಲೇ ವೈಕಲ್ಯ ಉಂಟಾಗುತ್ತದೆಂಬ ಸಮನ್ವಯದ ನಿಲುವನ್ನು ವಿಶ್ವ ಆರೋಗ್ಯ ಸಂಸ್ಥೆಯು ೨೦೦೧ರಲ್ಲಿ ತನ್ನ ವರ್ಗೀಕರಣದಲ್ಲಿ ಅಂಗೀಕರಿಸಿತು.

ಹಕ್ಕಿನ ದೃಷ್ಟಿ

ಅಡ್ಡಿಯನ್ನು ಸಮಾಜವೇ ಕಟ್ಟಿದ್ದೆಂದು ಒಪ್ಪಿದ ಮೇಲೆ ಅದನ್ನು ತೆಗೆಯುವುದು ಉಪಕಾರವಾಗದು, ಅದು ಋಣವಾಗುತ್ತದೆ. ಇದೇ ನಾಲ್ಕನೆಯ ದೃಷ್ಟಿ. ೨೦೦೬ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯು ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಸ್ವೀಕರಿಸಿತು. ಮರುವರ್ಷವೇ ಭಾರತವು ಅದನ್ನು ಅನುಮೋದಿಸಿತು. ನಮ್ಮಲ್ಲಿ ೧೯೯೫ರಲ್ಲಿ ಆದ ಮೊದಲ ಕಾಯ್ದೆಯು ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. ಅದರ ಸ್ಥಾನದಲ್ಲಿ ಬಂದ ೨೦೧೬ರ ಕಾಯ್ದೆಯು ಇಪ್ಪತ್ತೊಂದನ್ನು ಗುರುತಿಸಿ, ಸರಕಾರಿ ಉದ್ಯೋಗದಲ್ಲಿನ ಮೀಸಲಾತಿಯನ್ನು ಶೇ. ೩ರಿಂದ ೪ಕ್ಕೆ ಏರಿಸಿತು. ನ್ಯೂನತೆಯು ಅಡೆತಡೆಗಳೊಡನೆ ಸೇರಿ ಒಬ್ಬನ ಪಾಲ್ಗೊಳ್ಳುವಿಕೆಯನ್ನು ತಡೆಯುವುದೇ ವೈಕಲ್ಯವೆಂಬ ಅರ್ಥವನ್ನು ಆ ಕಾಯ್ದೆಯೇ ಒಪ್ಪಿಕೊಂಡಿದೆ.

ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದು ಇದರಲ್ಲಿದೆ. ಕಾಯ್ದೆಯ ಪ್ರಕಾರ 'ಸಾರ್ವಜನಿಕ ಕಟ್ಟಡ'ವೆಂದರೆ ಸರಕಾರಿ ಕಚೇರಿಯಷ್ಟೇ ಅಲ್ಲ. ಸಾರ್ವಜನಿಕರು ಬಳಸುವ ಖಾಸಗಿ ಕಟ್ಟಡಗಳೂ, ಶೈಕ್ಷಣಿಕ, ಸಾಂಸ್ಕೃತಿಕ ಹಾಗೂ ಧಾರ್ಮಿಕ ಚಟುವಟಿಕೆಗಳ ಕಟ್ಟಡಗಳೂ ಅದರಲ್ಲಿ ಸೇರುತ್ತವೆ. ನಮ್ಮ ಸಮುದಾಯ ಭವನಗಳು, ವಿದ್ಯಾರ್ಥಿನಿಲಯಗಳು, ಮಂಟಪಗಳು ಈ ಅರ್ಥದೊಳಗೆ ಬರುತ್ತವೆ. ಹಳೆಯ ಕಟ್ಟಡಗಳನ್ನು ಸುಗಮಗೊಳಿಸಲು ಕಾಯ್ದೆಯು ವಿಧಿಸಿದ್ದ ಐದು ವರ್ಷಗಳ ಅವಧಿ ೨೦೨೨ರಲ್ಲಿಯೇ ಮುಗಿದಿದೆ. ದೃಷ್ಟಿನ್ಯೂನತೆಯುಳ್ಳ ರಾಜೀವ್ ರತೂರಿ ಎಂಬುವರು ೨೦೦೫ರಲ್ಲಿ ಸಲ್ಲಿಸಿದ್ದ ಅರ್ಜಿಯ ಸಂಬಂಧವಾಗಿ ಸರ್ವೋಚ್ಚ ನ್ಯಾಯಾಲಯವು ೨೦೨೪ರ ನವೆಂಬರ್ ೮ರಂದು ತೀರ್ಪನ್ನಿತ್ತು, ಸುಗಮ್ಯತೆಯ ಮಾನದಂಡಗಳು ಬರಿಯ ಸಲಹೆಗಳಾಗಿ ಉಳಿಯದೆ ಕಡ್ಡಾಯ ನಿಯಮಗಳಾಗಬೇಕೆಂದು ಕೇಂದ್ರ ಸರಕಾರಕ್ಕೆ ನಿರ್ದೇಶಿಸಿತು. ಒಬ್ಬ ಪ್ರಜೆಯು ರಸ್ತೆಯನ್ನೂ ಕಟ್ಟಡವನ್ನೂ ಬಳಸುವ ಹಕ್ಕಿಗಾಗಿ ಸುಮಾರು ಎರಡು ದಶಕ ಕಾಯಬೇಕಾಯಿತೆಂಬುದು ವಿಚಾರಾರ್ಹ.

ಗದುಗಿನ ನಿದರ್ಶನ

ವ್ಯವಸ್ಥೆ ಬದಲಾದರೆ ವೈಕಲ್ಯವು ಕರಗುತ್ತದೆಂಬ ಮಾತಿಗೆ ಸಾಕ್ಷಿಯನ್ನು ಹುಡುಕಿಕೊಂಡು ಸಮುದ್ರ ದಾಟಿಯೇ ಹೋಗಬೇಕಾಗಿಲ್ಲ; ನಮ್ಮ ಗದುಗಿನಲ್ಲಿಯೂ ಅದಿದೆ. ಜನ್ಮತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳಲ್ಲಿ (೧೮೯೨-೧೯೪೪) ಸಂಗೀತದ ಪ್ರತಿಭೆಯನ್ನು ಗುರುತಿಸಿ ಹಾನಗಲ್ಲ ಕುಮಾರ ಸ್ವಾಮಿಗಳು ಅವರ ಶಿಕ್ಷಣಕ್ಕೆ ಏರ್ಪಾಡು ಮಾಡಿದರು. ಆ ಬಾಲಕನಿಗೆ ಅನ್ನವನ್ನಷ್ಟೇ ನೀಡಿ ಕಳುಹಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ವಿದ್ಯೆಯನ್ನು ಕೊಡಿಸಿದರು. ಮುಂದೆ ವೀರೇಶ್ವರ ಪುಣ್ಯಾಶ್ರಮವು ಅಂಧರೂ ಅನಾಥರೂ ಸಂಗೀತವನ್ನು ಕಲಿಯುವ ನೆಲೆಯಾಯಿತು. ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು (೧೯೧೪-೨೦೧೦) ಅಲ್ಲಿ ಶಿಷ್ಯರಾಗಿ ಬೆಳೆದು, ಗುರುಗಳ ನಂತರ ಆಶ್ರಮದ ಹೊಣೆಯನ್ನು ಹೊತ್ತು, ಅನೇಕ ವಾದ್ಯಗಳಲ್ಲಿ ಪರಿಣತರಾಗಿ, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥಗಳನ್ನು ರಚಿಸಿದರು. ೨೦೧೦ರಲ್ಲಿ ಪದ್ಮಭೂಷಣ ಪ್ರಶಸ್ತಿ ಅವರಿಗೆ ಸಂದಿತು.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಅಂಧ ಗುರುಗಳ ಬಳಿ ಕಣ್ಣುಳ್ಳವರೂ ಬಂದು ಕಲಿತರು. ಪಂಡಿತ ಬಸವರಾಜ ರಾಜಗುರು ಅವರು ಪಂಚಾಕ್ಷರ ಗವಾಯಿಗಳ ಶಿಷ್ಯರು, ಪಂಡಿತ ಎಂ. ವೆಂಕಟೇಶಕುಮಾರರು ಪುಟ್ಟರಾಜರ ಶಿಷ್ಯರು. ಕಿವಿಯಿಂದ ಕಿವಿಗೆ, ಕಂಠದಿಂದ ಕಂಠಕ್ಕೆ ಹರಿಯುವ ವಿದ್ಯೆಗೆ ಕಣ್ಣಿನ ಅಗತ್ಯ ಬೀಳಲಿಲ್ಲ. ಆ ವ್ಯವಸ್ಥೆಯಲ್ಲಿ ಅಂಧನು ಕೈಚಾಚುವವನಾಗಲಿಲ್ಲ, ಕೊಡುವವನಾದನು. ಹಾಗೆಂದು ಪ್ರತಿಯೊಬ್ಬ ಅಂಧ ಬಾಲಕನೂ ಗವಾಯಿಯೇ ಆಗಬೇಕೆಂದು ನಿರ್ಬಂಧಿಸುವುದು ಮತ್ತೊಂದು ಬಗೆಯ ಬಂಧನ. ಅಸಾಧಾರಣ ಸಾಧಕರನ್ನು ಕೊಂಡಾಡುತ್ತ, ಸಾಧಾರಣವಾಗಿ ಬಾಳಬಯಸುವ ಅಂಗವಿಕಲರಿಗೆ ಮಾರ್ಗವನ್ನೇ ಬಿಡದಿರುವುದೂ ಅನ್ಯಾಯವೇ. ಗುಮಾಸ್ತನಾಗಲು, ಶಿಕ್ಷಕಿಯಾಗಲು, ಕಿರಾಣಿ ಅಂಗಡಿ ನಡೆಸಲು ಬಯಸುವವರಿಗೂ ಅಷ್ಟೇ ಅನುಕೂಲ ದೊರೆಯಬೇಕು.

ನಮ್ಮ ಮನೆ, ನಮ್ಮ ಭವನ

ಈ ವಿಚಾರಗಳೆಲ್ಲ ಆಚರಣೆಗೆ ಬರಬೇಕಾದರೆ ಮೊದಲು ನಾವು ನಮ್ಮ ಕಟ್ಟಡಗಳನ್ನು ಅಳೆದು ನೋಡಬೇಕು. ಗಾಲಿಕುರ್ಚಿಯ ಇಳಿಜಾರಿಗೆ ಒಪ್ಪಿತವಾದ ಪ್ರಮಾಣವು ೧ಕ್ಕೆ ೧೨. ಒಂದು ಅಡಿ ಎತ್ತರವನ್ನೇರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಅನೇಕ ಕಡೆ ಮೆಟ್ಟಿಲಿನ ಪಕ್ಕದಲ್ಲಿ ಕಡಿದಾಗಿ ಸಿಮೆಂಟು ಮೆತ್ತಿರುತ್ತಾರೆ. ಅದು ದ್ವಿಚಕ್ರ ವಾಹನ ಏರಿಸಲು ಉಪಯೋಗವಾದೀತೇ ಹೊರತು ಕುಳಿತವನಿಗೆ ಅಪಾಯಕರ. ಬಾಗಿಲಿನ ಅಗಲ ಕನಿಷ್ಠ ೯೦೦ ಮಿಲಿಮೀಟರ್, ಅಂದರೆ ಸುಮಾರು ಮೂರು ಅಡಿ ಇರಲಿ. ಕುರ್ಚಿಯನ್ನು ತಿರುಗಿಸಲು ಸುಮಾರು ಐದು ಅಡಿಯ ಜಾಗ ಬೇಕು. ಶೌಚಾಲಯದಲ್ಲಿ ಇದನ್ನು ಮರೆತರೆ ಉಳಿದ ಅನುಕೂಲಗಳೆಲ್ಲ ನಿಷ್ಫಲ. ಶೌಚಾಲಯವಿಲ್ಲವೆಂಬ ಕಾರಣದಿಂದಲೇ ಎಷ್ಟೋ ಹೆಣ್ಣುಮಕ್ಕಳು ನೀರು ಕುಡಿಯದೆ ಸಮಾರಂಭಗಳಲ್ಲಿ ಕೂರುತ್ತಾರೆ, ಇಲ್ಲವೇ ಬರುವುದನ್ನೇ ಬಿಡುತ್ತಾರೆ.

ಹೊಸ್ತಿಲನ್ನು ಪೂಜಿಸುವ ಸಂಪ್ರದಾಯ ನಮ್ಮದು. ಆ ಹೊಸ್ತಿಲೇ ಅಜ್ಜಿಯ ಕಾಲಿಗೆ ತೊಡರಾಗುವುದಾದರೆ ಎರಡೂ ಬದಿಗೆ ಇಳಿಜಾರಾದ ಮರದ ಹಲಗೆಯನ್ನಿಟ್ಟರೆ ಪೂಜೆಗೂ ಭಂಗವಿಲ್ಲ, ನಡಿಗೆಗೂ ಭಂಗವಿಲ್ಲ. ಪಾದರಕ್ಷೆಗಳನ್ನು ಹೊರಗೆ ಬಿಡಬೇಕೆಂಬ ನಿಯಮವನ್ನು ಊರುಗೋಲಿಗೂ ಗಾಲಿಕುರ್ಚಿಗೂ ಅನ್ವಯಿಸಿ ಭಕ್ತರನ್ನು ಬಾಗಿಲಲ್ಲಿಯೇ ತಡೆಯುವುದುಂಟು. ಆ ಚಕ್ರಗಳೇ ಅವರ ಕಾಲುಗಳು. ಒದ್ದೆ ಬಟ್ಟೆಯಿಂದ ಒರೆಸಿದರೆ ಅವು ತೊಳೆದ ಕಾಲುಗಳಷ್ಟೇ ಶುಚಿ. ಪ್ರಸಾದದ ಪಂಕ್ತಿಯಲ್ಲಿ ನೆಲದ ಮೇಲೆ ಕೂರಲಾರದವರಿಗೆ ದೂರದ ಮೂಲೆಯಲ್ಲಲ್ಲದೆ ಅದೇ ಸಾಲಿನ ತುದಿಯಲ್ಲಿ ಮೇಜು ಹಾಕಿದರೆ ಯಾರೂ ಒಂಟಿಯಾಗಿ ಉಣ್ಣಬೇಕಾಗಿಲ್ಲ. ಆಮಂತ್ರಣಪತ್ರಿಕೆಯನ್ನು ದಪ್ಪಕ್ಷರಗಳಲ್ಲಿ ಮುದ್ರಿಸುವುದು, ಪ್ರವಚನಕ್ಕೆ ಸಂಜ್ಞಾಭಾಷೆ ಬಲ್ಲವರನ್ನು ಕರೆಸುವುದು, ಕಿವಿ ಮಂದವಾದವರಿಗೆ ಮುಂದಿನ ಸಾಲಿನಲ್ಲಿ ಸ್ಥಳ ಕಾಯ್ದಿರಿಸುವುದು — ಇವುಗಳಿಗೆ ಹಣಕ್ಕಿಂತ ಗಮನವೇ ಹೆಚ್ಚು ಬೇಕು.

ಎಲ್ಲಕ್ಕಿಂತ ಮೊದಲು ಅವರನ್ನೇ ಕೇಳಬೇಕು. ಕಟ್ಟಡ ಸಮಿತಿಯಲ್ಲಿ ಅಂಗವಿಕಲರೊಬ್ಬರಿಗೆ ಸ್ಥಾನವಿರಲಿ. ದಾರಿಯಲ್ಲಿ ಕಂಡ ಅಂಧರ ಕೈಯನ್ನು ಹಠಾತ್ತನೆ ಹಿಡಿದೆಳೆಯದೆ 'ಸಹಾಯ ಬೇಕೇ?' ಎಂದು ವಿಚಾರಿಸಿ, ನಮ್ಮ ತೋಳನ್ನು ಅವರು ಹಿಡಿಯುವಂತೆ ನೀಡೋಣ. ಮಾತಿನ ವಿಷಯದಲ್ಲಿಯೂ ಎಚ್ಚರ ಅಗತ್ಯ. ಅಂಗವಿಕಲ, ವಿಕಲಚೇತನ, ದಿವ್ಯಾಂಗ ಎಂದು ಹೆಸರುಗಳು ಬದಲಾಗುತ್ತ ಬಂದಿವೆ. ದೇವತ್ವವನ್ನು ಆರೋಪಿಸುವ ಕೊನೆಯ ಹೆಸರನ್ನು ಅಂಗವಿಕಲರ ಕೆಲವು ಸಂಘಟನೆಗಳು ಆಕ್ಷೇಪಿಸಿವೆ. ಹೆಸರು ಯಾವುದೇ ಇರಲಿ, ವ್ಯಕ್ತಿಯನ್ನು ಅವನ ಸ್ವಂತ ಹೆಸರಿನಿಂದಲೇ ಕರೆಯುವುದು ಎಲ್ಲಕ್ಕಿಂತ ಮೇಲು.

ಮನೆಯಲ್ಲಿ ವಿಶೇಷ ಅಗತ್ಯವುಳ್ಳ ಮಗುವಿರುವ ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. ಮಗುವನ್ನು ಮುಚ್ಚಿಡಬೇಡಿ. ಗ್ರಾಮ ಪಂಚಾಯತಿಯಲ್ಲಿರುವ ಪುನರ್ವಸತಿ ಕಾರ್ಯಕರ್ತರನ್ನು ಕಂಡು ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಿರಿ. ನಿಗದಿತ ಪ್ರಮಾಣದ ವೈಕಲ್ಯವುಳ್ಳ ಮಕ್ಕಳಿಗೆ ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣವನ್ನು ೨೦೧೬ರ ಕಾಯ್ದೆಯು ವಿಧಿಸಿದೆ. ಚಿಕಿತ್ಸೆ ನಡೆಯುತ್ತಿದ್ದರೂ ಶಾಲೆ ನಿಲ್ಲದಿರಲಿ.

ವೈದ್ಯನ ಔಷಧವೂ ಬೇಕು, ನೆರೆಯವರ ಕರುಣೆಯೂ ಬೇಕು. ಆದರೆ ಅವೆರಡೂ ದೇಹದ ಕಡೆಗೆ ಮಾತ್ರ ನೋಡುತ್ತವೆ. ದಾರಿಯ ಕಡೆಗೆ ನೋಡಬೇಕಾದವರು ನಾವು. ಮುಂಬರುವ ದಿನಗಳಲ್ಲಿ ನಮ್ಮ ಪ್ರತಿಯೊಂದು ಸಂಸ್ಥೆಯ ಆಡಳಿತ ಮಂಡಳಿಯೂ ತನ್ನ ಕಟ್ಟಡದ ಮೆಟ್ಟಿಲುಗಳನ್ನೊಮ್ಮೆ ಎಣಿಸಿ, ಅವುಗಳನ್ನು ಏರಲಾರದೆ ಬಾರದೆ ಉಳಿದವರ ಹೆಸರುಗಳನ್ನೂ ಬರೆದಿಟ್ಟುಕೊಳ್ಳಲಿ. ಆ ಪಟ್ಟಿಯಲ್ಲಿ ನಮ್ಮವರೇ ಅನೇಕರಿದ್ದಾರೆಂಬುದು ಅಂದು ತಿಳಿದುಬರುತ್ತದೆ. ಇಂದು ಮೆಟ್ಟಿಲೇರುತ್ತಿರುವ ನಮ್ಮ ಹೆಸರೂ ಮುಂದೊಂದು ದಿನ ಅದರಲ್ಲಿ ಸೇರಬಹುದು.